ಕಾಡಲ್ಲಿ ಎಷ್ಟು ಹುಲಿ ಇದೆ ಅಂತ ಹೇಗೆ ಗೊತ್ತಾಗುತ್ತೆ?

ಸರಗೂರು, ಎಚ್.ಡಿ. ಕೋಟೆ, ಗುಂಡ್ಲುಪೇಟೆ ಕಡೆ ಕಾಡಂಚಿನ ಜಮೀನಲ್ಲಿ ಹುಲಿ ಕಾಣಿಸ್ಕೊಂಡ್ರೆ, ದನ ಹೊಡೆದ್ರೆ, ಜನ ಮೊದಲು ಕೇಳೋದೇ ಕಾಡಲ್ಲಿ ಹುಲಿ ಜಾಸ್ತಿ ಆಗಿದ್ಯಾ ಅಂತ. ಟಿವೀಲಿ ಕರ್ನಾಟಕದಲ್ಲಿ 563 ಹುಲಿ ಅಂತ ಬರುತ್ತೆ, ಒಬ್ರು ಅಷ್ಟೆಲ್ಲಿದೆ ಸುಳ್ಳು ಅಂತಾರೆ, ಇನ್ನೊಬ್ರು ಅದರ ಡಬಲ್ ಇದೆ ಹೇಳ್ತಿಲ್ಲ ಅಷ್ಟೇ ಅಂತಾರೆ. ನಾಲ್ಕು ವರ್ಷಕ್ಕೊಂದ್ಸಲ ನಡೆಯೋ ದೇಶದ ಹುಲಿ ಗಣತಿ 2022 ಆದ್ಮೇಲೆ ಈಗ 2026ರ ಸರದಿ, ಹಾಗಾಗಿ ಈ ವಾದ ಇನ್ನೂ ಜೋರಾಗುತ್ತೆ. ಅದಕ್ಕೇ ಈ ಸಂಖ್ಯೆ ಎಲ್ಲಿಂದ ಬರುತ್ತೆ, ಯಾರು ಹೇಗೆ ಲೆಕ್ಕ ಹಾಕ್ತಾರೆ, ಅದರಲ್ಲಿ ಎಷ್ಟು ನಂಬಬಹುದು ಅಂತ ಬುಡದಿಂದ ನೋಡೋಣ.

ಗಣತಿ ಅಂತೀವಿ, ಆದ್ರೆ ಅದು ಅಂದಾಜು

ನಾವೆಲ್ಲ ಹುಲಿ ಗಣತಿ ಅಂತಾನೇ ಕರೀತೀವಿ, ಪೇಪರ್‌ನಲ್ಲೂ ಹಾಗೇ ಬರುತ್ತೆ. ಜನಗಣತೀಲಿ ಮನೆ ಮನೆಗೆ ಹೋಗಿ ತಲೆ ಎಣಿಸ್ತಾರೆ, ಹುಲಿ ವಿಷಯದಲ್ಲಿ ಅದು ಆಗೋ ಮಾತಲ್ಲ. ಹುಲಿ ಒಂಟಿಯಾಗಿ ಓಡಾಡೋ ಪ್ರಾಣಿ, ಹೆಚ್ಚಾಗಿ ಓಡಾಡೋದು ರಾತ್ರಿ ಮತ್ತೆ ಮುಂಜಾನೆ ಸಂಜೆ ಹೊತ್ತಲ್ಲಿ, ಹಗಲಲ್ಲಿ ಲಂಟಾನ ಪೊದೆ ಒಳಗೋ ನೀರಿನ ಪಕ್ಕಾನೋ ಮಲಗಿದ್ರೆ ಹತ್ತಡಿ ದೂರದಲ್ಲಿ ಹೋದೋರಿಗೂ ಗೊತ್ತಾಗಲ್ಲ. ಎಷ್ಟೇ ಜನ ಹುಡುಕಿದ್ರೂ ಕೆಲವು ಹುಲಿ ತಪ್ಪಿಸ್ಕೊಂಡೇ ತಪ್ಪಿಸ್ಕೊಳ್ತವೆ. ಹಾಗಾಗಿ ವಿಜ್ಞಾನಿಗಳಿಗೆ ಕಂಡ ಹುಲಿ ಎಷ್ಟು ಅನ್ನೋದಕ್ಕಿಂತ ಕಾಣದೇ ಉಳಿದಿದ್ದು ಎಷ್ಟು ಅನ್ನೋ ಪ್ರಶ್ನೆ ದೊಡ್ಡದು. ಅದಕ್ಕೆ ಉತ್ತರ ಸಿಕ್ಕಿದ್ರೆ ಮಾತ್ರ ಒಟ್ಟು ಸಂಖ್ಯೆಗೆ ಅರ್ಥ ಬರುತ್ತೆ.

ಇನ್ನೊಂದು ಪದ ಪದೇ ಪದೇ ಬರುತ್ತೆ, ಸಾಂದ್ರತೆ. 100 ಚದರ ಕಿಲೋಮೀಟರ್ ಕಾಡಿಗೆ ಎಷ್ಟು ಹುಲಿ ಅನ್ನೋ ಲೆಕ್ಕ ಅದು. ಬಂಡೀಪುರ ದೊಡ್ಡದು ನಾಗರಹೊಳೆ ಚಿಕ್ಕದು, ಬರೀ ಹುಲಿ ಸಂಖ್ಯೆ ಇಟ್ಕೊಂಡು ಯಾವ ಕಾಡು ಚೆನ್ನಾಗಿದೆ ಅಂತ ಹೋಲಿಸೋಕಾಗಲ್ಲ, ಸಾಂದ್ರತೆ ಇದ್ರೆ ಆಗುತ್ತೆ.

ಹೆಜ್ಜೆ ನೋಡಿ ಎಣಿಸ್ತಿದ್ದ ಕಾಲ

1973ರ ಏಪ್ರಿಲ್ 1ಕ್ಕೆ ಹುಲಿ ಉಳಿಸೋ ಸರ್ಕಾರಿ ಯೋಜನೆ ಪ್ರಾಜೆಕ್ಟ್ ಟೈಗರ್ ಶುರುವಾಯ್ತು, ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರಾನೂ ಒಂದು. ಆಗ ಹುಲಿ ಲೆಕ್ಕ ಹಾಕ್ತಿದ್ದಿದ್ದು ಹೆಜ್ಜೆ ಗುರುತಿನಿಂದ. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧರಿ 1966ರಲ್ಲಿ ರೂಪಿಸಿದ ವಿಧಾನ ಅದು. ಒಂದು ವಾರ ಗಾರ್ಡ್‌ಗಳೂ ವಾಚರ್‌ಗಳೂ ಕಾಡೆಲ್ಲ ಸುತ್ತಿ ಹೆಜ್ಜೆ ಹುಡುಕ್ತಿದ್ರು, ಗಾಜಿನ ಮೇಲೆ ಅದರ ಆಕಾರ ಬರ್ಕೊಳ್ತಿದ್ರು, ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿ ಅಚ್ಚು ತೆಗೀತಿದ್ರು, ಆಮೇಲೆ ಎಲ್ಲಾ ಒಟ್ಟಿಗಿಟ್ಟು ಇದು ಈ ಹುಲೀದು ಅದು ಆ ಹುಲೀದು ಅಂತ ಬೇರೆ ಮಾಡ್ತಿದ್ರು.

ಆ ಜನ ಪಟ್ಟ ಶ್ರಮ ಸಣ್ಣದಲ್ಲ. ಆದ್ರೆ ಒಂದೇ ಹುಲಿಯ ಹೆಜ್ಜೆ ಒದ್ದೆ ಮಣ್ಣಲ್ಲಿ ಒಂದು ಥರ ಬೀಳುತ್ತೆ, ಒಣ ಧೂಳಲ್ಲಿ ಇನ್ನೊಂದು ಥರ, ಇಳಿಜಾರಲ್ಲಿ ಮತ್ತೊಂದು ಥರ. ಅದರ ಮೇಲೆ ಬಂಡೆ ಮೇಲೆ, ಒಣಗಿದ ಎಲೆ ಮೇಲೆ ನಡೆದ ಹುಲಿ ಲೆಕ್ಕಕ್ಕೇ ಬರಲ್ಲ. ಎಲ್ಲಾ ಹುಲೀನೂ ಸಿಕ್ಕಿದೆ, ಎಲ್ಲಾನೂ ಸರಿಯಾಗಿ ಗುರುತು ಹಿಡಿದಿದೀವಿ ಅಂತ ಮೊದಲೇ ಒಪ್ಕೊಂಡು ಶುರು ಮಾಡೋ ವಿಧಾನ ಇದು, ತಪ್ಪಿಹೋಗಿದ್ದು ಎಷ್ಟು ಅಂತ ಕೇಳೋಕೆ ಅದರಲ್ಲಿ ಜಾಗಾನೇ ಇರ್ಲಿಲ್ಲ.

ಇದರ ಪೆಟ್ಟು ಗೊತ್ತಾಗಿದ್ದು ರಾಜಸ್ಥಾನದ ಸರಿಸ್ಕಾದಲ್ಲಿ. ಕಾಗದದಲ್ಲಿ ಹತ್ತಕ್ಕೂ ಹೆಚ್ಚು ಹುಲಿ ಇದ್ದ ಕಾಡಲ್ಲಿ 2005ರ ಹೊತ್ತಿಗೆ ಒಂದೂ ಉಳಿದಿಲ್ಲ ಅಂತ ಖಾತ್ರಿ ಆಯ್ತು, ಬೇಟೆಗಾರರು ಮುಗಿಸಿಬಿಟ್ಟಿದ್ರು. ದೇಶಕ್ಕೇ ಶಾಕ್ ಆಯ್ತು, ಟೈಗರ್ ಟಾಸ್ಕ್ ಫೋರ್ಸ್ ಅನ್ನೋ ಸಮಿತಿ ಬಂತು, ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಬಂತು, ಹೆಜ್ಜೆ ಲೆಕ್ಕ ಕೈಬಿಟ್ಟು 2006ರಿಂದ ಹೊಸ ವಿಧಾನ ಶುರುವಾಯ್ತು. ಹಳೇ ಲೆಕ್ಕದಲ್ಲಿ ದೇಶದಲ್ಲಿ 3,600ಕ್ಕೂ ಹೆಚ್ಚು ಹುಲಿ ಇದ್ವು, ಹೊಸ ಲೆಕ್ಕದಲ್ಲಿ 1,411. ಇದನ್ನ ನೋಡಿ ನಾಲ್ಕೈದು ವರ್ಷದಲ್ಲಿ ಎರಡು ಸಾವಿರ ಹುಲಿ ಸತ್ತೋದ್ವು ಅಂತ ಈಗಲೂ ಹೇಳೋರಿದಾರೆ, ಆದ್ರೆ ಅಳೆಯೋ ಕೋಲೇ ಬದಲಾದಾಗ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ಕಳೆಯೋದು ಸರಿಯಲ್ಲ.

ಪಟ್ಟೆ ಮತ್ತು ಕ್ಯಾಮೆರಾ

ಹುಲಿ ಮೈ ಮೇಲಿನ ಪಟ್ಟೆ ಒಂದರದ್ದು ಇನ್ನೊಂದಕ್ಕೆ ಇರಲ್ಲ, ಹುಟ್ಟಿದಾಗಿಂದ ಸಾಯೋವರೆಗೂ ಬದಲಾಗಲ್ಲ. ಇದನ್ನೇ ಹಿಡ್ಕೊಂಡು 1990ರ ದಶಕದ ಶುರುವಲ್ಲಿ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ ಬಳಸೋಕೆ ಶುರು ಮಾಡಿದ್ರು, ಅಮೆರಿಕದ ಜೇಮ್ಸ್ ನಿಕೋಲ್ಸ್ ಜೊತೆ ಸೇರಿ ಅದಕ್ಕೆ ಗಣಿತದ ಚೌಕಟ್ಟು ಕೊಟ್ರು. ಇವತ್ತು ಹುಲಿ ಇರೋ ಎಷ್ಟೋ ದೇಶಗಳಲ್ಲಿ ನಡೀತಿರೋ ವಿಧಾನದ ಬೇರು ಮೈಸೂರು ಕೊಡಗು ನಡುವಿನ ಈ ಕಾಡಲ್ಲಿದೆ ಅನ್ನೋದು ನಮ್ಮಲ್ಲೇ ತುಂಬ ಜನಕ್ಕೆ ಗೊತ್ತಿಲ್ಲ, ಗೊತ್ತಿರಬೇಕಾದ ವಿಷಯ.

ಟ್ರ್ಯಾಪ್ ಅಂತ ಹೆಸರು ಕೇಳಿ ಬೋನು ಅಂದ್ಕೋಬೇಡಿ, ಹುಲೀನ ಯಾರೂ ಮುಟ್ಟೋದಿಲ್ಲ. ಸೆನ್ಸರ್ ಇರೋ ಕ್ಯಾಮೆರಾ ಅಷ್ಟೇ, ಎದುರಿಗೆ ಬಿಸಿ ಮೈ ಇರೋ ಪ್ರಾಣಿ ಅಲ್ಲಾಡಿದ್ರೆ ಫೋಟೋ ತೆಗೆಯುತ್ತೆ, ತಾರೀಕು ಟೈಮ್ ಸಮೇತ. ಎಲ್ಲಿ ಇಡಬೇಕು ಅನ್ನೋದ್ರಲ್ಲೇ ಅರ್ಧ ಕೆಲಸ ಇದೆ. ಹುಲಿಗೆ ಪೊದೆ ನುಗ್ಗೋದಕ್ಕಿಂತ ಜೀಪ್ ರಸ್ತೆ, ಕಾಲುದಾರಿ, ಹಳ್ಳದ ದಂಡೆ ಮೇಲೆ ನಡೆಯೋದು ಇಷ್ಟ. ಆ ದಾರೀಲಿ ಹೆಜ್ಜೆ ಎಲ್ಲಿ ಸಿಗುತ್ತೆ, ಹಿಕ್ಕೆ ಎಲ್ಲಿ ಬಿದ್ದಿದೆ, ನೆಲ ಎಲ್ಲಿ ಕೆರೆದಿದೆ, ಯಾವ ಮರಕ್ಕೆ ವಾಸನೆ ಹೊಡೆದು ಗಡಿ ಹಾಕಿದೆ ಅಂತ ಮೊದಲು ನಡೆದು ನೋಡ್ತಾರೆ. ಈ ಕೆಲಸದಲ್ಲಿ ಕಾಡಲ್ಲೇ ಹುಟ್ಟಿ ಬೆಳೆದ ಜೇನು ಕುರುಬರ ಕಣ್ಣಿಗೆ ಬೀಳೋದು ಓದಿ ಬಂದೋರ ಕಣ್ಣಿಗೆ ಬೀಳಲ್ಲ.

ಜಾಗ ಗೊತ್ತಾದ್ಮೇಲೆ ದಾರಿಯ ಆ ಕಡೆ ಒಂದು ಈ ಕಡೆ ಒಂದು, ಹೀಗೆ ಎರಡು ಕ್ಯಾಮೆರಾ ಎದುರುಬದುರಾಗಿ, ಮಂಡಿ ಎತ್ತರಕ್ಕೆ ಕಟ್ತಾರೆ. ಎರಡೇ ಯಾಕೆ ಅಂದ್ರೆ ಹುಲಿಯ ಎಡಗಡೆ ಪಟ್ಟೆ ಬಲಗಡೆ ಪಟ್ಟೆ ಬೇರೆ ಬೇರೆ, ಇವತ್ತು ಎಡಮೈ ಫೋಟೋ ನಾಳೆ ಬಲಮೈ ಫೋಟೋ ಸಿಕ್ರೆ ಎರಡೂ ಒಂದೇ ಹುಲೀನಾ ಅಂತ ಹೇಳೋಕಾಗಲ್ಲ. ಮುಂದಿನ ಹುಲ್ಲು ಸವರಬೇಕು, ಇಲ್ಲಾಂದ್ರೆ ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಆಡಿದ್ರೂ ಫೋಟೋ ಬೀಳ್ತಾ ಹೋಗಿ ಮೆಮೊರಿ ಕಾರ್ಡ್ ತುಂಬುತ್ತೆ ಬ್ಯಾಟರಿ ಖಾಲಿ ಆಗುತ್ತೆ. ಆನೆ ಕಾಟ ಬೇರೆ, ಕಿತ್ತು ತುಳಿದು ಹೋಗ್ತವೆ, ಅದಕ್ಕೆ ಕಬ್ಬಿಣದ ಕವಚ ಹಾಕ್ತಾರೆ, ಆದ್ರೂ ಕೆಲವು ಉಳಿಯಲ್ಲ. ದೇಶದ ಗಣತೀಲಿ ಕಾಡನ್ನ 2 ಚದರ ಕಿಲೋಮೀಟರ್ ಚೌಕ ಚೌಕ ಮಾಡಿ ಒಂದೊಂದಕ್ಕೆ ಒಂದು ಜೋಡಿ ಕ್ಯಾಮೆರಾ ಇಡ್ತಾರೆ, ಹೆಣ್ಣು ಹುಲಿ ಓಡಾಡೋ ವ್ಯಾಪ್ತಿ ಒಳಗೆ ಒಂದಾದ್ರೂ ಕ್ಯಾಮೆರಾ ಇರ್ಲೇಬೇಕು ಅನ್ನೋದು ಇದರ ಹಿಂದಿನ ಲೆಕ್ಕ.

2022ರ ಗಣತೀಲಿ ದೇಶದ 32,588 ಜಾಗದಲ್ಲಿ ಕ್ಯಾಮೆರಾ ಇಟ್ಟಿದ್ರು, ಬಂದ ಫೋಟೋ 4 ಕೋಟಿ 70 ಲಕ್ಷಕ್ಕೂ ಜಾಸ್ತಿ, ಅದರಲ್ಲಿ ಹುಲೀದು 97,399. ಮಿಕ್ಕಿದ್ದು ಜಿಂಕೆ, ಆನೆ, ಕಾಟಿ, ನವಿಲು, ಓಡಾಡೋ ಮನುಷ್ಯರು. ಇಷ್ಟನ್ನ ಕೂತು ಕಣ್ಣಲ್ಲಿ ವಿಂಗಡಿಸೋಕಾಗಲ್ಲ, ಪ್ರಾಣಿ ಬೇರೆ ಮಾಡೋಕೆ ಒಂದು ಸಾಫ್ಟ್‌ವೇರ್, ಪಟ್ಟೆ ಹೋಲಿಸೋಕೆ ಇನ್ನೊಂದು. ಹುಲಿ ಬಾಗಿ ನಿಂತಿದ್ರೂ ತಿರುಗಿದ್ರೂ ಅದರ ಮೈಯನ್ನ ಮೂರು ಆಯಾಮದ ಮಾದರಿ ಮೇಲೆ ಹರಡಿ ಪಟ್ಟೆ ತಾಳೆ ನೋಡುತ್ತೆ, ಕೊನೆಗೆ ಹೌದು ಅಲ್ಲ ಅಂತ ಹೇಳೋದು ಮನುಷ್ಯರೇ. ಹೀಗೆ ಸಿಕ್ಕ ಬೇರೆ ಬೇರೆ ಹುಲಿ 3,080.

ಕಾಣದೇ ಇದ್ದಿದ್ದನ್ನ ಲೆಕ್ಕ ಹಾಕೋದು ಹೇಗೆ

ಇಲ್ಲೇ ಎಲ್ರಿಗೂ ಡೌಟ್ ಬರೋದು, ಕಾಣದೇ ಇರೋದನ್ನ ಹೇಗ್ರೀ ಎಣಿಸ್ತೀರ ಅಂತ. ಒಂದು ದೊಡ್ಡ ಊರ ಜಾತ್ರೆ ಅಂದ್ಕೊಳ್ಳಿ, ಎರಡು ದಿನ ನಡೆಯುತ್ತೆ, ಅದೇ ಜನ ಎರಡೂ ದಿನ ಸುತ್ತಾಡ್ತಾರೆ. ಮೊದಲ ದಿನ ಅಲ್ಲಲ್ಲಿ ನಿಂತು ಸಿಕ್ಕ 60 ಜನರ ಫೋಟೋ ತೆಗೀತೀರ. ಎರಡನೇ ದಿನ ಮತ್ತೆ ಸಿಕ್ಕ 50 ಜನರದ್ದು ತೆಗೀತೀರ. ಹೋಲಿಸಿ ನೋಡಿದ್ರೆ ಆ 50ರಲ್ಲಿ 10 ಮುಖ ನಿನ್ನೆ ಬಂದಿದ್ದವೇ. ಅಂದ್ರೆ ಎರಡನೇ ದಿನ ಸಿಕ್ಕೋರಲ್ಲಿ ಐದರಲ್ಲೊಬ್ರು ನಿನ್ನೆ ಸಿಕ್ಕಿದ್ರು, ಹಾಗಾದ್ರೆ ನಿನ್ನೆ ಸಿಕ್ಕ 60 ಜನ ಇಡೀ ಜಾತ್ರೆಯ ಐದನೇ ಒಂದು ಭಾಗ, ಒಟ್ಟು ಸುಮಾರು 300 ಜನ. ನೀವು ನೋಡಿದ್ದು ಬರೀ 100 ಬೇರೆ ಬೇರೆ ಮುಖ, ಆದ್ರೆ ಮುಖಗಳು ಎಷ್ಟು ಸಲ ಮರಳಿ ಬಂದ್ವು ಅನ್ನೋದೇ ನೋಡದೇ ಇರೋರ ಬಗ್ಗೆ ಹೇಳಿಬಿಡ್ತು. ಎರಡನೇ ದಿನ ಹೆಚ್ಚುಕಮ್ಮಿ ಎಲ್ಲಾ ಹಳೇ ಮುಖಾನೇ ಬಂದಿದ್ರೆ, ಜಾತ್ರೆ ಚಿಕ್ಕದು, ಎಲ್ರೂ ಆಗ್ಲೇ ಸಿಕ್ಕಾಯ್ತು ಅಂತ.

ಹುಲೀಲೂ ಇದೇ, ಎರಡು ದಿನದ ಬದಲು ತಿಂಗಳು ಒಂದೂವರೆ ತಿಂಗಳು ಮಾಡ್ತಾರೆ. ಯಾವ ಹುಲಿ ಯಾವ ದಿನ ಯಾವ ಕ್ಯಾಮೆರಾಗೆ ಸಿಕ್ತು ಅಂತ, ಸಿಕ್ಕಿದ್ರೆ ಒಂದು ಇಲ್ಲಾಂದ್ರೆ ಸೊನ್ನೆ ಹಾಕಿ, ಪಟ್ಟಿ ಆಗುತ್ತೆ, ಅದರಿಂದ ಒಂದು ಹುಲಿ ಕ್ಯಾಮೆರಾಗೆ ಸಿಗೋ ಸಾಧ್ಯತೆ ಎಷ್ಟು ಅಂತ ತೆಗೀತಾರೆ, ಅದರಿಂದ ಸಿಗದೇ ಹೋದವು ಎಷ್ಟು ಅಂತ ಬರುತ್ತೆ. ಇದಕ್ಕಿಂತ ಜಾಸ್ತಿ ದಿನ ಎಳೆಯೋದಿಲ್ಲ, ಯಾಕಂದ್ರೆ ಆ ಅವಧೀಲಿ ಹೊಸದು ಬಂದು ಸೇರಿದ್ರೆ ಇದ್ದದ್ದು ಸತ್ರೆ ಲೆಕ್ಕ ಕೆಡುತ್ತೆ. ವರ್ಷ ತುಂಬದ ಮರಿಗಳನ್ನ ಸೇರಿಸಲ್ಲ, ಅವು ತಾಯಿ ಜೊತೆ ದಾರೀಲಿ ಓಡಾಡೋದೇ ಕಮ್ಮಿ, ಸಾಯೋದೂ ಜಾಸ್ತಿ.

ಇತ್ತೀಚಿನ ಲೆಕ್ಕದಲ್ಲಿ ಜಾಗಾನೂ ಸೇರ್ಕೊಂಡಿದೆ. ಕಾಡಂಚಲ್ಲಿರೋ ಹುಲಿ ಅರ್ಧ ಒಳಗೆ ಅರ್ಧ ಹೊರಗೆ ಇರುತ್ತೆ, ಅದನ್ನ ಪೂರ್ತಿ ಈ ಕಾಡಿಂದೇ ಅಂದ್ರೆ ಸಂಖ್ಯೆ ಉಬ್ಬುತ್ತೆ. ಅದಕ್ಕೆ ಯಾವ್ಯಾವ ಕ್ಯಾಮೆರಾಗೆ ಸಿಕ್ತು ಅನ್ನೋದ್ರಿಂದ ಆ ಹುಲಿಯ ಓಡಾಟದ ನಡುಮಧ್ಯ ಎಲ್ಲಿದೆ ಅಂತ ಅಂದಾಜು ಮಾಡ್ತಾರೆ. 2022ರ ವರದೀಲಿ ಬಂಡೀಪುರಕ್ಕೆ ಎರಡು ಸಂಖ್ಯೆ ಇರೋದು ಇದಕ್ಕೇ, ಒಳಗಿರೋದು 150, ಆ ಕಾಡನ್ನ ಬಳಸೋದು 191. ಅಕ್ಕಪಕ್ಕದ ನಾಗರಹೊಳೆ, ಮುದುಮಲೈ, ವಯನಾಡಿಗೆ ಹೋಗಿ ಬರೋ ಹುಲಿ ಎರಡನೇ ಲೆಕ್ಕದಲ್ಲಿ ಸೇರುತ್ತೆ, ಎಲ್ಲಾ ಕಾಡಿನ ಎರಡನೇ ಸಂಖ್ಯೆ ಕೂಡಿಸಿದ್ರೆ ಒಂದೇ ಹುಲೀನ ಎರಡೆರಡು ಸಲ ಎಣಿಸಿದಂಗಾಗುತ್ತೆ.

ಹುಲಿ ಲೆಕ್ಕಕ್ಕೆ ಮುಂಚೆ ಜಿಂಕೆ ಲೆಕ್ಕ

ಒಂದು ಕಾಡು ಎಷ್ಟು ಹುಲಿ ಸಾಕುತ್ತೆ ಅನ್ನೋದನ್ನ ತೀರ್ಮಾನ ಮಾಡೋದು ಅಲ್ಲಿರೋ ಜಿಂಕೆ, ಕಡವೆ, ಕಾಟಿ, ಕಾಡುಹಂದಿ. ಒಂದು ಹುಲಿಗೆ ವಾರಕ್ಕೊಂದರ ಹಾಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ಬೇಕು. ಮಂದೆಯಲ್ಲಿ ಹತ್ತರಲ್ಲೊಂದು ಭಾಗ ಹೋದ್ರೂ ಮರಿಗಳಿಂದ ಅದು ತುಂಬಿಕೊಳ್ಳುತ್ತೆ ಅನ್ನೋ ಲೆಕ್ಕದಲ್ಲಿ ಒಂದು ಹುಲಿ ಹಿಂದೆ ಹೆಚ್ಚುಕಮ್ಮಿ 500 ಬಲಿ ಪ್ರಾಣಿ, ಅಂದ್ರೆ ಹುಲಿ ಹಿಡಿದು ತಿನ್ನೋ ಪ್ರಾಣಿ, ಇರಬೇಕು. ಬಲಿ ಪ್ರಾಣಿ ಸಮೃದ್ಧವಾಗಿರೋ ನಾಗರಹೊಳೆಯಂಥ ಕಾಡಲ್ಲಿ ಹೆಣ್ಣು ಹುಲಿಗೆ 15-20 ಚದರ ಕಿಲೋಮೀಟರ್ ಸಾಕಾಗುತ್ತೆ, ರಷ್ಯಾದ ಪೂರ್ವ ತುದಿಯ ಹಿಮದ ಕಾಡಲ್ಲಿ ಅದೇ ಹೆಣ್ಣು ಹುಲಿಗೆ 400ರ ಹತ್ತಿರ ಬೇಕು. ಹುಲಿ ಅದೇ, ಊಟ ಬೇರೆ.

ಬಲಿ ಪ್ರಾಣಿ ಅಂದಾಜಿಗೆ ಲೈನ್ ಟ್ರಾನ್ಸೆಕ್ಟ್ ಅಂತ ಮಾಡ್ತಾರೆ. ಕಾಡಲ್ಲಿ ಮೊದಲೇ ನೇರವಾಗಿ ಒಂದು ಗೆರೆ ಸವರಿಟ್ಟು, ಬೆಳಕು ಹರಿಯೋ ಹೊತ್ತಿಗೆ ಇಬ್ರು ಸದ್ದಿಲ್ಲದೆ ಅದರ ಮೇಲೆ ನಡೀತಾರೆ. ಪ್ರಾಣಿ ಕಂಡ ತಕ್ಷಣ ಅದು ಏನು, ಗುಂಪಲ್ಲಿ ಎಷ್ಟು, ದಿಕ್ಸೂಚಿ ಹಿಡಿದು ಯಾವ ಕೋನದಲ್ಲಿ, ರೇಂಜ್‌ಫೈಂಡರ್ ಹಿಡಿದು ಎಷ್ಟು ಮೀಟರ್ ದೂರದಲ್ಲಿ ಅಂತ ಬರ್ಕೊಳ್ತಾರೆ. ಕೋನ ದೂರ ಯಾಕೆ ಅಂದ್ರೆ ಇಲ್ಲೂ ಅದೇ ಪ್ರಶ್ನೆ, ತಪ್ಪಿದ್ದು ಎಷ್ಟು. ಗೆರೆ ಮೇಲಿರೋ ಕಡವೆ ತಪ್ಪಲ್ಲ, 60 ಮೀಟರ್ ಆಚೆ ಪೊದೆ ಹಿಂದಿರೋದು ತಪ್ಪುತ್ತೆ. ದೂರ ಹೋದಂಗೆ ಕಾಣೋದು ಎಷ್ಟು ಬೇಗ ಕಮ್ಮಿ ಆಗುತ್ತೆ ಅನ್ನೋದ್ರಿಂದಲೇ ಕಾಣದೇ ಹೋಗಿದ್ದರ ಲೆಕ್ಕ ಸಿಗುತ್ತೆ. ನನ್ನ ಪ್ರಕಾರ ಹುಲಿ ಸಂಖ್ಯೆಗಿಂತ ಈ ಸಂಖ್ಯೆ ಮುಖ್ಯ, ಪೇಪರ್‌ನಲ್ಲಿ ಮಾತ್ರ ಬರೋದೇ ಇಲ್ಲ. ಜಿಂಕೆ ಕಡವೆ ಕಮ್ಮಿ ಆಗ್ತಿದ್ರೆ ಇವತ್ತಿನ ಹುಲಿ ಸಂಖ್ಯೆ ಎಷ್ಟೇ ಚೆನ್ನಾಗಿದ್ರೂ ಮುಂದೆ ಇಳಿಯುತ್ತೆ.

ಹಿಕ್ಕೆಯಿಂದ ಸಿಗೋ ಮಾಹಿತಿ

ಹುಲಿ ಹಿಕ್ಕೆಯಲ್ಲಿ ತಿಂದ ಪ್ರಾಣಿಯ ಕೂದಲು ಜೀರ್ಣ ಆಗದೇ ಉಳಿದಿರುತ್ತೆ, ಅದನ್ನ ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಜಿಂಕೇನಾ ಕಾಟೀನಾ ಊರ ದನಾನಾ ಅಂತ ಗೊತ್ತಾಗುತ್ತೆ. ಹಿಕ್ಕೆ ಮೇಲ್ಪದರದಲ್ಲಿ ಹುಲಿಯ ಕರುಳಿನ ಜೀವಕೋಶಾನೂ ಅಂಟಿರುತ್ತೆ, ಅದರಿಂದ ಡಿಎನ್‌ಎ ತೆಗೆದ್ರೆ ಯಾವ ಹುಲಿ, ಗಂಡೋ ಹೆಣ್ಣೋ ಅಂತ ತಿಳಿಯುತ್ತೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ವಿಜ್ಞಾನಿಗಳು ಬಂಡೀಪುರದಲ್ಲಿ ಇದನ್ನ ಮಾಡಿ ಕ್ಯಾಮೆರಾ ಲೆಕ್ಕದ ಜೊತೆ ತಾಳೆ ನೋಡಿದ್ರು. ಹುಲಿ ತೀರಾ ಕಮ್ಮಿ ಇರೋ, ಕ್ಯಾಮೆರಾ ಕಟ್ಟೋಕಾಗದ ಕಾಡಿಗೆ ಈ ದಾರಿ ತುಂಬಾ ಉಪಯೋಗ.

ಸಂಖ್ಯೆ ನಿಂತಂಗೆ ಕಂಡ್ರೂ ಹುಲಿ ಬದಲಾಗ್ತಿರುತ್ತೆ

ಒಂದ್ಸಲ ಎಣಿಸಿದ್ರೆ ಎಷ್ಟಿದೆ ಅಂತ ಗೊತ್ತಾಗುತ್ತೆ, ಹೇಗಿದೆ ಅಂತ ಗೊತ್ತಾಗಲ್ಲ. ನಾಗರಹೊಳೆಯಲ್ಲಿ ಒಂದೇ ಪ್ರದೇಶದಲ್ಲಿ ಒಂಬತ್ತು ವರ್ಷ ಕ್ಯಾಮೆರಾ ಇಟ್ಟು ಮಾಡಿದ ಅಧ್ಯಯನ 2006ರಲ್ಲಿ ಪ್ರಕಟ ಆಯ್ತು. 74 ಬೇರೆ ಬೇರೆ ಹುಲಿ ಸಿಕ್ಕಿದ್ವು, ಆದ್ರೆ ಯಾವ ವರ್ಷ ತಗೊಂಡ್ರೂ ಅಲ್ಲಿದ್ದ ಅಂದಾಜು 17ರಿಂದ 31ರ ಒಳಗೆ. ವರ್ಷದಿಂದ ವರ್ಷಕ್ಕೆ ಉಳಿಯೋ ಪ್ರಮಾಣ ನೂರಕ್ಕೆ 77, ಅಂದ್ರೆ ಪ್ರತಿ ವರ್ಷ ನೂರಕ್ಕೆ 23ರಷ್ಟು ಹುಲಿ ಸತ್ತೋ ಬೇರೆ ಕಡೆ ಹೋಗಿಯೋ ಆ ಕಾಡಿಂದ ಕಾಣೆಯಾಗ್ತಿದ್ವು. ಇಷ್ಟು ಹೋದ್ರೂ ಒಟ್ಟಾರೆ ಸಂಖ್ಯೆ ಕುಸೀಲಿಲ್ಲ, ಯಾಕಂದ್ರೆ ಬಲಿ ಪ್ರಾಣಿ ಸಮೃದ್ಧವಾಗಿತ್ತು, ಹೆಣ್ಣು ಹುಲಿಗಳು ಮರಿ ಹಾಕ್ತಾನೇ ಇದ್ವು.

ಹುಲಿ ಬಸಿರು ಮೂರೂವರೆ ತಿಂಗಳು, ಒಂದು ಸಲಕ್ಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿ, ಎರಡು ವರ್ಷದ ಹೊತ್ತಿಗೆ ಮರಿಗಳು ತಾಯಿ ಬಿಟ್ಟು ಸ್ವಂತ ಜಾಗ ಹುಡುಕಬೇಕು. ಒಳಗೆಲ್ಲ ಬಲವಾದ ಹುಲಿ ಕೂತಿದ್ರೆ ಪ್ರಾಯದವೂ, ವಯಸ್ಸಾಗಿ ಗಾಯ ಆಗಿ ಸೋತವೂ ಕಾಡಂಚಿಗೆ ಬರ್ತವೆ. ಹಾಗಾಗಿ ಹೊಲದ ಹತ್ರ ಹುಲಿ ಕಂಡ ಮಾತ್ರಕ್ಕೆ ಸಂಖ್ಯೆ ಮಿತಿ ಮೀರಿದೆ ಅಂತಾಗಲೀ ಕಾಡು ಹಾಳಾಗಿದೆ ಅಂತಾಗಲೀ ಹೇಳೋಕಾಗಲ್ಲ, ಯಾವ ಹುಲಿ ಅಂತ ಮೊದಲು ಗೊತ್ತಾಗಬೇಕು. ಎಲ್ಲಾ ಸಾವೂ ಒಂದೇ ಅಲ್ಲ ಅನ್ನೋದೂ ಇಲ್ಲೇ ಅರ್ಥ ಆಗೋದು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ವಿಷ ಹಾಕಿದ್ದ ಹಸುವಿನ ಕಳೇಬರ ತಿಂದು ಒಂದು ತಾಯಿ ಹುಲಿ ನಾಲ್ಕು ಮರಿ ಸತ್ತವು. ಜಾಗ ಹಿಡಿದು ಮರಿ ಮಾಡ್ತಿರೋ ಹೆಣ್ಣು ಹೋದ್ರೆ ಅದು ಮುಂದೆ ಹಾಕಬಹುದಾಗಿದ್ದ ಮರಿಗಳೂ ಹೋದಂಗೆ, ಅದರ ನಷ್ಟ ಒಂದೆರಡು ಅಲೆಮಾರಿ ಗಂಡು ಸತ್ತಿದ್ದಕ್ಕಿಂತ ಎಷ್ಟೋ ದೊಡ್ಡದು.

ಸರ್ಕಾರಿ ಸಂಖ್ಯೆ ಓದೋದು ಹೇಗೆ

2023ರಲ್ಲಿ ಎರಡು ಸಂಖ್ಯೆ ಬಂದು ಜನ ಗೊಂದಲ ಆದ್ರು. ಏಪ್ರಿಲ್ 9ಕ್ಕೆ ಮೈಸೂರಲ್ಲಿ ಪ್ರಧಾನಿ ಹೇಳಿದ್ದು ಕನಿಷ್ಠ 3,167, ಜುಲೈ 29ಕ್ಕೆ ಬಂದಿದ್ದು ಸರಾಸರಿ 3,682, ಮೇಲಿನ ಮಿತಿ 3,925. ಮೂರು ತಿಂಗಳಲ್ಲಿ 500 ಹುಲಿ ಹುಟ್ಟಲಿಲ್ಲ, ಲೆಕ್ಕ ಇನ್ನಷ್ಟು ಪೂರ್ತಿ ಆಯ್ತು ಅಷ್ಟೇ. ಕರ್ನಾಟಕದ 563 ಕೂಡ ಇಂಥ ಸರಾಸರೀನೇ, 2018ರಲ್ಲಿ 524 ಇತ್ತು. ಯಾವ ಅಂದಾಜಿಗೂ ಕೆಳಗೊಂದು ಮೇಲೊಂದು ಮಿತಿ ಇರುತ್ತೆ, ಎರಡು ಗಣತಿಯ ಮಿತಿಗಳು ಒಂದರ ಮೇಲೊಂದು ಬಿದ್ರೆ ಜಾಸ್ತಿ ಆಯ್ತು ಅಂತಾನೂ ಕಮ್ಮಿ ಆಯ್ತು ಅಂತಾನೂ ಖಚಿತವಾಗಿ ಹೇಳಬಾರದು. ಕ್ಯಾಮೆರಾ ಇಲ್ಲದ ಕಾಡಿಗೆ ಹೆಜ್ಜೆ, ಹಿಕ್ಕೆ, ಬಲಿ ಪ್ರಾಣಿ ಗುರುತುಗಳನ್ನ ಇಟ್ಕೊಂಡು ಅಂದಾಜು ವಿಸ್ತರಿಸ್ತಾರೆ, ಈ ಭಾಗದ ಲೆಕ್ಕವನ್ನ ಕಾರಂತರೂ ಸೇರಿ ಕೆಲವು ವಿಜ್ಞಾನಿಗಳು ಪ್ರಶ್ನೆ ಮಾಡಿದಾರೆ. ಕ್ಯಾಮೆರಾದಲ್ಲಿ ನಿಜವಾಗಿ ಸಿಕ್ಕಿದ್ದು ಎಷ್ಟು, ಒಟ್ಟು ಅಂದಾಜು ಎಷ್ಟು ಅಂತ ಎರಡನ್ನೂ ವರದೀಲಿ ಹುಡುಕಿ ನೋಡಿದ್ರೆ ಸಂಖ್ಯೆ ಎಷ್ಟು ಗಟ್ಟಿ ಅಂತ ಸುಮಾರಾಗಿ ಗೊತ್ತಾಗುತ್ತೆ.

ಈ ಫೋಟೋಗಳು ಕಾಡಿನ ಹೊರಗೆ ಬಳಕೆ ಆಗೋದು

ಮನುಷ್ಯರ ಮೇಲೆ ದಾಳಿ ಆದಾಗ ಆ ಜಾಗದ ಸುತ್ತ ಕ್ಯಾಮೆರಾ ಇಟ್ಟು ಬಂದ ಫೋಟೋನ ಹಳೇ ಡೇಟಾಬೇಸ್ ಜೊತೆ ಹೋಲಿಸ್ತಾರೆ. ಹಳೇ ಹುಲಿ ಆಗಿದ್ರೆ ಅದರ ವಯಸ್ಸು, ಎಲ್ಲಿಂದ ಬಂತು ಎಲ್ಲಾ ಸಿಗುತ್ತೆ, ಯಾವುದೋ ಹುಲೀನ ಹಿಡಿದು ಅದೇ ಅಂತ ಹೇಳೋ ಅಪಾಯ ತಪ್ಪುತ್ತೆ. ಊರವರ ಜೀವಕ್ಕೂ ಇದು ಮುಖ್ಯ, ತಪ್ಪು ಹುಲಿ ಬೋನಿಗೆ ಬಿದ್ರೆ ಸರಿಯಾದ ಹುಲಿ ಹೊಲದಲ್ಲೇ ಉಳಿಯುತ್ತೆ. ಬೇಟೆಗಾರರ ಹತ್ರ ಚರ್ಮ ಸಿಕ್ರೆ ಪಟ್ಟೆ ನೋಡಿ ಯಾವ ಕಾಡಿನದ್ದು ಅಂತ ಹೇಳೋಕೂ ಇದೇ ಡೇಟಾಬೇಸ್ ಬೇಕು.

ಬಂಡೀಪುರದಲ್ಲಿ ಕ್ಯಾಮೆರಾಗೆ ಸಿಕ್ಕಿದ್ದ ಒಂದು ಗಂಡು ಹುಲಿ 2011ರಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಲ್ಲಿ ಸಿಕ್ತು, ಸುಮಾರು 280 ಕಿಲೋಮೀಟರ್ ದೂರ. ನಡುವೆ ಹೊಲ, ತೋಟ, ರಸ್ತೆ, ಊರು ಎಲ್ಲಾ ದಾಟಿ ಬಂದಿತ್ತು. ಪಟ್ಟೆ ಫೋಟೋ ಇಲ್ಲದಿದ್ರೆ ಇದು ಹತ್ತಿರದ ಯಾವುದೋ ಕಾಡಿನ ಹುಲಿ ಅಂತಾನೇ ಎಲ್ರೂ ಅಂದ್ಕೊಳ್ತಿದ್ರು. ಕಾಡು ಕಾಡಿನ ನಡುವೆ ಹಾದುಹೋಗೋ ಪಟ್ಟಿಗೆ ಕಾರಿಡಾರ್ ಅಂತಾರೆ, ಅದು ಮುಚ್ಚಿದ್ರೆ ಏನಾಗುತ್ತೆ ಅನ್ನೋದಕ್ಕೆ ಒಡಿಶಾದ ಸಿಮ್ಲಿಪಾಲ್ ನೋಡಬಹುದು. ಬೇರೆ ಹುಲಿ ಬಂದು ಸೇರೋ ದಾರಿ ಇಲ್ಲದೆ ಒಳಗೊಳಗೇ ಕೂಡಿದ್ರಿಂದ ಅಲ್ಲಿ ಪಟ್ಟೆಗಳು ಅಗಲ ಆಗಿ ಒಂದಕ್ಕೊಂದು ಅಂಟಿ ಕಪ್ಪಾಗಿ ಕಾಣೋ ಹುಲಿಗಳು ಜಾಸ್ತಿ ಆಗಿವೆ, ಕ್ಯಾಮೆರಾಗೆ ಸಿಕ್ಕ ಹುಲಿಗಳಲ್ಲಿ ನೂರಕ್ಕೆ 37ರಷ್ಟು ಹೀಗಿವೆ ಅಂತ ಎನ್‌ಸಿಬಿಎಸ್ ತಂಡದ 2021ರ ಅಧ್ಯಯನ ಹೇಳ್ತು. ನಾಗರಹೊಳೆ, ಬಂಡೀಪುರ, ಮುದುಮಲೈ, ವಯನಾಡ್, ಸತ್ಯಮಂಗಲ, ಬಿಳಿಗಿರಿರಂಗನ ಬೆಟ್ಟ ಇವಕ್ಕೆ ಆ ಸ್ಥಿತಿ ಬಂದಿಲ್ಲ, ಒಂದಕ್ಕೊಂದು ಇನ್ನೂ ಸೇರ್ಕೊಂಡಿವೆ. ಅದಕ್ಕೇ ಇಲ್ಲಿ ಮೂರು ರಾಜ್ಯದ ಕ್ಯಾಮೆರಾ ಫೋಟೋಗಳನ್ನ ಒಟ್ಟಿಗಿಟ್ಟು ನೋಡಿದ್ರೆ ಮಾತ್ರ ಲೆಕ್ಕ ಸರಿಯಾಗುತ್ತೆ, ಕರ್ನಾಟಕದಲ್ಲಿ ಹೆಸರಿಟ್ಟ ಹುಲಿ ಕೇರಳದಲ್ಲಿ ಮತ್ತೊಂದು ಹೆಸರಲ್ಲಿ ಎಣಿಕೆ ಆಗದ ಹಾಗೆ.